ಕುದ್ಮುಲ್ ರಂಗರಾಯರು: ಹಾಜರಾದ ಮಗುವಿಗೆ ಎರಡು ಪೈಸೆ

ಯಾದಗಿರಿ, ಶಹಾಪುರ, ಸುರಪುರದ ಹಳ್ಳಿ ಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೋಗುವ ನಾವು, ಹತ್ತಿ ಬಿಡಿಸುವ ಕಾಲಕ್ಕೆ ಮಕ್ಕಳು ಗೈರಾಗುವುದನ್ನು ಬಲ್ಲೆವು. ಇಂಥದೇ ಸಮಸ್ಯೆಗೆ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ದಾರಿ ಹುಡುಕಿದವರು ಕುದ್ಮುಲ್ ರಂಗರಾಯರು.

1859ರಲ್ಲಿ ಕಾಸರಗೋಡಿನ ಸಾರಸ್ವತ ಕುಟುಂಬದಲ್ಲಿ ಹುಟ್ಟಿದ ಅವರು ಮಂಗಳೂರಿನಲ್ಲಿ ಮೊದಲು ಶಿಕ್ಷಕರಾಗಿ, ನಂತರ ವಕೀಲರಾಗಿ ದುಡಿದರು. 1892ರಲ್ಲಿ ಅಲ್ಲಿಯೇ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಸ್ವಜಾತಿಯವರು ಬಹಿಷ್ಕಾರ ಹಾಕಿದರೂ ಹಿಂಜರಿಯದೆ, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು.

ಶಾಲೆ ತೆರೆದ ಮಾತ್ರಕ್ಕೆ ಬಡ ಮಕ್ಕಳು ಬರುವುದಿಲ್ಲ. ಮಗು ತರಗತಿಯಲ್ಲಿ ಕುಳಿತರೆ ಮನೆಗೆ ಆ ದಿನದ ಕೂಲಿ ತಪ್ಪುತ್ತದೆ. ರಂಗರಾಯರು ಹಾಜರಾದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು, ಮಧ್ಯಾಹ್ನ ಊಟ ಹಾಕಿದರು. ಓದು ಬರಹದ ಜೊತೆಗೆ ಕೈಕಸುಬು ಕಲಿಸುವ ವ್ಯವಸ್ಥೆ ಮಾಡಿದರು. 1928ರಲ್ಲಿ ತೀರಿಕೊಂಡ ಅವರು, ತಮ್ಮ ಅಂತ್ಯಕ್ರಿಯೆಯನ್ನು ದಲಿತರೇ ನೆರವೇರಿಸಬೇಕೆಂದು ಬಯಸಿದ್ದರು.

ಇಂದು ಸರ್ಕಾರವೇ ಶಾಲೆಯಲ್ಲಿ ಬಿಸಿಯೂಟ ಕೊಡುತ್ತಿದೆ. ಆದರೆ ಕೂಲಿಯ ಪ್ರಶ್ನೆ ನಮ್ಮ ಭಾಗದಲ್ಲಿ ಇನ್ನೂ ಹಾಗೆಯೇ ಇದೆ. ಶಾಲೆಗೆ ಬಾರದ ಮಗುವಿಗೆ ಓದಿನಲ್ಲಿ ಆಸಕ್ತಿಯಿಲ್ಲವೆಂದು ತೀರ್ಮಾನಿಸುವ ಮೊದಲು, ಆ ಮನೆಯ ದಿನದ ಖರ್ಚು ಹೇಗೆ ನಡೆಯುತ್ತದೆ ಎಂದು ಶಿಕ್ಷಕರು ವಿಚಾರಿಸಬೇಕು. ರಂಗರಾಯರ ಕೆಲಸದಿಂದ ಪ್ರಶಿಕ್ಷಣಾರ್ಥಿಗಳಾದ ನಾವು ಕಲಿಯಬೇಕಾದದ್ದು ಇದನ್ನೇ.