ಬೈತುಲ್ ಮಾಲ್‌ನ ಕಾಗದ



ನೀವು ಒಂದು ಅಂಗಡಿಯ ಯಜಮಾನರಾಗಿರಬಹುದು, ಶಾಲೆಯೊಂದರ ಮುಖ್ಯೋಪಾಧ್ಯಾಯರಾಗಿರಬಹುದು ಅಥವಾ ಜಮಾಅತ್‌ನ ಲೆಕ್ಕಪತ್ರ ನೋಡಿಕೊಳ್ಳುವವರಾಗಿರಬಹುದು. ನಿಮ್ಮ ಕೈಕೆಳಗೆ ನಾಲ್ಕು ಮಂದಿ ದುಡಿಯುತ್ತಿದ್ದರೆ ಖಲೀಫ ಉಮರ್ ಬಿನ್ ಅಬ್ದುಲ್ ಅಝೀಝ್(ರ)ರ ಜೀವನವನ್ನು ಇನ್ನೊಮ್ಮೆ ಓದಬೇಕು. ಸರಕಾರಿ ಕೆಲಸ ಮುಗಿದು ಮನೆಯ ಮಾತು ಆರಂಭವಾದೊಡನೆ ಅವರು ಬೈತುಲ್ ಮಾಲ್‌ನ ದೀಪ ಆರಿಸಿ ಸ್ವಂತ ದೀಪ ತರಿಸಿದ ಕಥೆ ನಿಮಗೆ ಗೊತ್ತೇ ಇದೆ. ಮದ್ರಸದ ಮಕ್ಕಳಿಗೂ ಅದು ಬಾಯಿಪಾಠ. ಆದರೆ ಅದಕ್ಕಿಂತ ಹಿಂದೆ ನಡೆದ ಒಂದು ಘಟನೆಯನ್ನು ನಾವು ಸಾಮಾನ್ಯವಾಗಿ ಹೇಳುವುದಿಲ್ಲ.

ಉಮರ್ ರಾಜಮನೆತನದವರು. ತಂದೆ ಈಜಿಪ್ಟಿನ ಗವರ್ನರ್. ತಾಯಿಯ ಕಡೆಯಿಂದ ಎರಡನೆಯ ಖಲೀಫ ಹಝ್ರತ್ ಉಮರ್(ರ)ರ ಮರಿಮಗ. ಯೌವನದಲ್ಲಿ ಬೆಲೆಬಾಳುವ ಬಟ್ಟೆ, ಸುಗಂಧವೆಂದರೆ ಬಲು ಇಷ್ಟ. ಮದೀನದಲ್ಲಿ ಅವರ ನಡಿಗೆಯನ್ನು ಅನುಕರಿಸುವವರೂ ಇದ್ದರಂತೆ. 706ರಲ್ಲಿ ಖಲೀಫ ವಲೀದ್ ಅವರನ್ನು ಮದೀನದ ಗವರ್ನರನ್ನಾಗಿ ನೇಮಿಸಿದಾಗ ಅವರು ಮೊದಲು ಮಾಡಿದ ಕೆಲಸವೆಂದರೆ ನಗರದ ಹತ್ತು ವಿದ್ವಾಂಸರನ್ನು ಕರೆಸಿದ್ದು. ತಮ್ಮ ಅಧಿಕಾರಿಗಳಲ್ಲಿ ಯಾರಾದರೂ ಅನ್ಯಾಯವೆಸಗಿದರೆ ತಮಗೆ ತಿಳಿಸಬೇಕೆಂದು ಅವರನ್ನು ಕೇಳಿಕೊಂಡರು.

ಆದರೆ ಅನ್ಯಾಯ ಬಂದದ್ದು ಮೇಲಿನಿಂದ. ಅಬ್ದುಲ್ಲಾ ಬಿನ್ ಝುಬೈರ್(ರ)ರ ಮಗ ಖುಬೈಬ್‌ರಿಗೆ ಚಾಟಿಯೇಟು ಹೊಡೆಸಬೇಕೆಂದು ವಲೀದ್ ಬರೆದು ಕಳುಹಿಸಿದರು. ಉಮರ್ ಆಜ್ಞೆ ಪಾಲಿಸಿದರು. ಏಟಿನ ಮೇಲೆ ಚಳಿಯಲ್ಲಿ ತಣ್ಣೀರನ್ನೂ ಸುರಿಸಲಾಯಿತು. ಖುಬೈಬ್ ತೀರಿಕೊಂಡರು.

ಇಲ್ಲಿ ಸ್ವಲ್ಪ ನಿಲ್ಲಿ. ಮೇಲಿನವರು ಹೇಳಿದರು, ನಾನು ಮಾಡಿದೆ ಎಂಬ ಮಾತು ನಮಗೆಲ್ಲ ಎಷ್ಟು ಬೇಗ ನಾಲಿಗೆಗೆ ಬರುತ್ತದೆ! ನಾನೇ ಅದನ್ನು ಹೇಳಿದ್ದೇನೆ. ಉಮರ್ ಹೇಳಲಿಲ್ಲ. ಮುಂದೆ ಯಾರಾದರೂ ಅವರ ಸತ್ಕಾರ್ಯವನ್ನು ಹೊಗಳಿದರೆ, ಖುಬೈಬ್ ನನ್ನ ದಾರಿಗೆ ಅಡ್ಡ ನಿಂತಿರುವಾಗ ಎಲ್ಲಿಯ ಸತ್ಕಾರ್ಯ ಎಂದು ಕೊರಗುತ್ತಿದ್ದರು.

717ರಲ್ಲಿ ಖಲೀಫ ಸುಲೈಮಾನ್ ಮರಣಶಯ್ಯೆಯಲ್ಲಿ ಮುದ್ರೆಯೊತ್ತಿ ಕೊಟ್ಟ ಪತ್ರದಲ್ಲಿ ಉತ್ತರಾಧಿಕಾರಿಯೆಂದು ಉಮರ್‌ರ ಹೆಸರಿತ್ತು. ಅವರಿಗೆ ಅದು ಆಘಾತವಾಯಿತು. ಮೆರವಣಿಗೆಗೆ ಸಿದ್ಧವಾಗಿದ್ದ ಅರಮನೆಯ ಕುದುರೆಗಳನ್ನು ಹಿಂದಕ್ಕೆ ಕಳುಹಿಸಿ ತಮ್ಮ ಹೇಸರಗತ್ತೆಯನ್ನೇ ತರಿಸಿಕೊಂಡರು. ವಂಶದವರು ಜನರಿಂದ ಕಿತ್ತುಕೊಂಡಿದ್ದ ಆಸ್ತಿಗಳನ್ನು ಮರಳಿಸುವಾಗ ಮೊದಲು ತಮ್ಮ ಸ್ವಂತ ಜಮೀನಿನ ಪತ್ರಗಳನ್ನೇ ಹರಿದರು. ಬಂಧುಗಳು ಸಿಟ್ಟಾದರು. ನಷ್ಟವಾದವರು ಅವರಲ್ಲವೇ?

ಅಧಿಕಾರಿಗಳೊಂದಿಗೆ ಅವರು ನಡೆಸಿದ ಪತ್ರವ್ಯವಹಾರವನ್ನು ಓದುವುದೇ ಒಂದು ಪಾಠ. ಮದೀನದ ಗವರ್ನರ್ ಅಬೂಬಕರ್ ಬಿನ್ ಹಝ್ಮ್ ಕಚೇರಿಗೆ ಹೆಚ್ಚು ಕಾಗದ ಬೇಕೆಂದು ಬರೆದಿದ್ದರು. ಲೇಖನಿಯ ಮೊನೆ ತೆಳ್ಳಗೆ ಮಾಡಿ, ಸಾಲುಗಳನ್ನು ಒತ್ತೊತ್ತಾಗಿ ಬರೆಯಿರಿ ಎಂದು ಉತ್ತರ ಹೋಯಿತು. ಖಲೀಫರು ಜಿಪುಣರೇನಲ್ಲ. ಅಧಿಕಾರಿಗಳಿಗೆ ಕೈತುಂಬ ಸಂಬಳ ಕೊಡುತ್ತಿದ್ದರು, ತಮಗೆ ಮಾತ್ರ ಅದರಷ್ಟು ತೆಗೆದುಕೊಳ್ಳುತ್ತಿರಲಿಲ್ಲ. ಅಧಿಕಾರದಲ್ಲಿರುವವರು ವ್ಯಾಪಾರ ಮಾಡುವುದನ್ನು ತಡೆದರು. ಪ್ರವಾದಿ(ಸ)ಯವರಿಗೆ ಬಂದದ್ದು ಉಡುಗೊರೆಯಾಗಿತ್ತು, ತಮ್ಮಂಥವರಿಗೆ ಬರುವುದು ಲಂಚ ಎಂದು ಕಾಣಿಕೆಗಳನ್ನು ಹಿಂದಿರುಗಿಸಿದರು. ಬೈತುಲ್ ಮಾಲ್‌ನ ಕಸ್ತೂರಿಯನ್ನು ತೂಗುವಾಗ ಮೂಗು ಮುಚ್ಚಿಕೊಂಡರು. ಹಿಂದೊಮ್ಮೆ ಸುಗಂಧವಿಲ್ಲದೆ ಹೊರಗೆ ಬರದಿದ್ದ ಮನುಷ್ಯ ಇವರೇ ಎಂಬುದನ್ನು ಮರೆಯಬೇಡಿ.

ಇನ್ನೊಂದು ಪತ್ರ ಕೂಫಾದ ಗವರ್ನರ್ ಅಬ್ದುಲ್ ಹಮೀದ್‌ರಿಗೆ ಹೋದದ್ದು. ಕೈ ಕಡಿಯುವ ಅಥವಾ ಶಿಲುಬೆಗೇರಿಸುವ ಶಿಕ್ಷೆಯನ್ನು ತಮ್ಮನ್ನು ಕೇಳದೆ ಅವಸರದಲ್ಲಿ ಜಾರಿ ಮಾಡಬಾರದೆಂದು ಅದರಲ್ಲಿ ಆಜ್ಞಾಪಿಸಿದ್ದರು. ಅದನ್ನು ಬರೆಸುವಾಗ ಖುಬೈಬ್‌ರ ನೆನಪು ಅವರ ಮನಸ್ಸಿನಲ್ಲಿ ಇತ್ತೆಂದೇ ನನ್ನ ಭಾವನೆ.

ಮನೆಯಲ್ಲಿ ಪತ್ನಿ ಫಾತಿಮಾ ಇದ್ದರು. ಖಲೀಫರ ಮಗಳು, ಖಲೀಫರ ಸೊಸೆಯಲ್ಲದಿದ್ದರೂ ಖಲೀಫರ ಸಹೋದರಿ, ಈಗ ಖಲೀಫರ ಪತ್ನಿ. ತಂದೆ ಅಬ್ದುಲ್ ಮಲಿಕ್ ಕೊಟ್ಟಿದ್ದ ಅಪರೂಪದ ಒಡವೆ ಅವರ ಬಳಿಯಿತ್ತು. ಅದು ಜನರ ಹಣದಿಂದ ಬಂದದ್ದೆಂದು ಉಮರ್‌ರಿಗೆ ಅನಿಸಿತು. ಒಡವೆಯನ್ನು ಬೈತುಲ್ ಮಾಲ್‌ಗೆ ಕೊಡಬೇಕು, ಇಲ್ಲವೇ ತಮ್ಮನ್ನು ಬಿಟ್ಟು ಹೋಗಬೇಕು ಎಂದರು. ಕಠಿಣ ಮಾತು. ಆದರೆ ಫಾತಿಮಾ ಒಡವೆಯನ್ನು ಕೊಟ್ಟುಬಿಟ್ಟರು. ನಮ್ಮ ಭಾಷಣಗಳಲ್ಲಿ ಈ ತಾಯಿಯ ಹೆಸರು ಅಪರೂಪವಾಗಿ ಮಾತ್ರ ಕೇಳಿಬರುವುದು ನನಗೆ ಸರಿಕಾಣುವುದಿಲ್ಲ.

ಎರಡೂವರೆ ವರ್ಷವೂ ತುಂಬಿರಲಿಲ್ಲ. 720ರಲ್ಲಿ, ನಲ್ವತ್ತರ ಆಸುಪಾಸಿನಲ್ಲಿ, ಸಿರಿಯಾದ ದೈರ್ ಸಿಮ್‌ಆನ್‌ನಲ್ಲಿ ಉಮರ್ ನಿಧನರಾದರು. ಸೇವಕನ ಕೈಯಿಂದ ವಿಷ ಹಾಕಿಸಲಾಯಿತೆಂದು ಹಲವು ಚರಿತ್ರೆಕಾರರು ಬರೆದಿದ್ದಾರೆ. ಫಾತಿಮಾರ ಸಹೋದರ ಯಝೀದ್ ಖಲೀಫರಾದರು. ಬೇಕಿದ್ದರೆ ಒಡವೆಯನ್ನು ಹಿಂದಕ್ಕೆ ಕೊಡುವುದಾಗಿ ಸಹೋದರಿಗೆ ಹೇಳಿದರು. ಪತಿ ಬದುಕಿದ್ದಾಗ ಮನಸಾರೆ ಬಿಟ್ಟುಕೊಟ್ಟದ್ದನ್ನು ಅವರು ಸತ್ತ ಮೇಲೆ ಮರಳಿ ಪಡೆಯಲಾರೆನೆಂದು ಫಾತಿಮಾ ನಿರಾಕರಿಸಿದರು. ಯಝೀದ್ ಅದನ್ನು ತಮ್ಮ ಮನೆಯವರಿಗೆ ಹಂಚಿದರು.