ಬೀಟ್ ಸಕ್ಕರೆಯ ಜನಕ ಆಶಾರ್

ಸಕ್ಕರೆಯೆಂದರೆ ಕಬ್ಬಿನದೇ ಎಂದು ತಿಳಿದು ಬಂದವರು ನಾವು. ಆದರೆ ಲೋಕದ ಸಕ್ಕರೆಯಲ್ಲಿ ಸುಮಾರು ಐದನೆಯ ಒಂದು ಪಾಲು ಇಂದಿಗೂ ಬರುವುದು ಬಿಳಿಯ ಬೀಟ್ ಗೆಡ್ಡೆಯಿಂದ. ನಮ್ಮ ತರಕಾರಿ ಅಂಗಡಿಯ ಕೆಂಪು ಬೀಟ್‌ರೂಟಿಗೆ ಅದು ದಾಯಾದಿ. ಆ ಗೆಡ್ಡೆಯಿಂದ ಸಕ್ಕರೆ ತೆಗೆಯುವ ಪ್ರಪ್ರಥಮ ಕಾರ್ಖಾನೆಯನ್ನು ಕಟ್ಟಿದಾತ ಫ್ರಾನ್ಸ್ ಕಾರ್ಲ್ ಆಶಾರ್.

ಆಶಾರ್ ಹುಟ್ಟಿದ್ದು 1753ರ ಎಪ್ರಿಲ್ 28ರಂದು, ಬರ್ಲಿನ್ನಿನಲ್ಲಿ. ಮತದ ಕಾರಣದಿಂದ ಫ್ರಾನ್ಸನ್ನು ತೊರೆದು ಬಂದ ಪ್ರೊಟೆಸ್ಟಂಟ್ ಮನೆತನ, ತಂದೆ ಪಾದ್ರಿ. ಅಲ್ಲಿನ ವಿಜ್ಞಾನ ಅಕಾಡೆಮಿಯಲ್ಲಿ ಆತ ರಸಾಯನ ಶಾಸ್ತ್ರಜ್ಞ ಮಾರ್ಗ್ರಾಫನ ಬಳಿ ಪಳಗಿದ. ಬೀಟ್‌ನಲ್ಲಿರುವುದು ಕಬ್ಬಿನ ಸಕ್ಕರೆಯೇ ಎಂಬುದನ್ನು ಮಾರ್ಗ್ರಾಫ್ 1747ರಲ್ಲೇ ತೋರಿಸಿಕೊಟ್ಟಿದ್ದ. ಒಣಗಿಸಿದ ಗೆಡ್ಡೆಯ ಪುಡಿಯಿಂದ ಮದ್ಯಸಾರದ ಮೂಲಕ ಹರಳು ತೆಗೆಯುವ ಅವನ ಕ್ರಮ ಪ್ರಯೋಗಶಾಲೆಗೆ ಸರಿ, ಮಾರುಕಟ್ಟೆಗೆ ಎಟುಕುವಂಥದಲ್ಲ. ಆ ಶೋಧ ಹಾಗೆಯೇ ಮೂಲೆಯಲ್ಲಿ ಬಿದ್ದಿತ್ತು. 1782ರಲ್ಲಿ ಗುರು ತೀರಿಕೊಂಡ ಬಳಿಕ ಅವನ ಸ್ಥಾನಕ್ಕೆ ಬಂದ ಶಿಷ್ಯ ಅದನ್ನು ಮತ್ತೆ ಕೈಗೆತ್ತಿಕೊಂಡ.

ಆಶಾರನ ಜಾಣತನ ಕಾಣುವುದು ಇಲ್ಲಿ. ಬಾಣಲೆಗೆ ಕೈ ಹಾಕುವ ಮೊದಲು ಆತ ಮಣ್ಣಿಗೆ ಕೈ ಹಾಕಿದ. ಬರ್ಲಿನ್ನಿನ ಸಮೀಪದ ಕೌಲ್ಸ್‌ಡಾರ್ಫ್‌ನಲ್ಲಿ ಬಗೆಬಗೆಯ ಬೀಟ್ ಬೆಳೆಸಿ, ಸಿಪ್ಪೆಯೂ ತಿರುಳೂ ಬಿಳಿಯಾಗಿರುವ, ಬುಡಕ್ಕೆ ಚೂಪಾಗಿ ಇಳಿಯುವ ಗೆಡ್ಡೆಯೇ ಈ ಕೆಲಸಕ್ಕೆ ಲೇಸೆಂದು ಕಂಡುಕೊಂಡ. ಇಂದಿನ ತಳಿಗಳಲ್ಲಿ ನೂರಕ್ಕೆ 16ರಿಂದ 18ರಷ್ಟು ಸಕ್ಕರೆ ಇರುತ್ತದೆ. ಅಂದಿನವುಗಳಲ್ಲಿ ಇದ್ದುದು ಅದರ ಒಂದು ಅಂಶ ಮಾತ್ರ.

1799ರ ಜನವರಿಯಲ್ಲಿ ಆತ ಪ್ರಷ್ಯದ ದೊರೆ ಮೂರನೆಯ ಫ್ರೆಡರಿಕ್ ವಿಲಿಯಮನ ಮುಂದೆ ತನ್ನ ಅಹವಾಲನ್ನಿಟ್ಟ. ದೊರೆ ಸಾಲ ಕೊಟ್ಟ. ಆ ಹಣದಲ್ಲಿ 1801ರಲ್ಲಿ ಸೈಲೀಷಿಯಾದ ಕುನರ್ನ್ ಎಂಬ ಹಳ್ಳಿಯಲ್ಲಿ ಜಮೀನು ಕೊಂಡು, 1802ರಲ್ಲಿ ಕಾರ್ಖಾನೆ ನಡೆಸತೊಡಗಿದ.

ಕಾರ್ಖಾನೆಯೆಂದರೆ ಹೊಗೆ ಕೊಳವೆಯ ಬೃಹತ್ ಕಟ್ಟಡವನ್ನು ಓದುಗರು ಕಲ್ಪಿಸಿಕೊಳ್ಳಬಾರದು. ನಮ್ಮ ಆಲೆಮನೆಗೆ ಅದು ಹೆಚ್ಚು ಹತ್ತಿರ. ಆದರೆ ಕಬ್ಬನ್ನು ಗಾಣಕ್ಕೆ ಕೊಟ್ಟಂತೆ ಗೆಡ್ಡೆಯನ್ನು ಕೊಡಲಾಗದು. ಮಣ್ಣು ತೊಳೆದು, ತುರಿದು, ತುರಿಯನ್ನು ಒತ್ತಿ ರಸ ಹಿಂಡಬೇಕು. ಆ ರಸ ಬಲು ಬೇಗ ಕಪ್ಪಿಡುತ್ತದೆ. ಮಣ್ಣಿನ ವಾಸನೆ ಬೇರೆ. ಅದನ್ನು ಕಳೆಯಲು ಆಶಾರ್ ರಸಕ್ಕೆ ತುಸು ಗಂಧಕಾಮ್ಲ ಬೆರೆಸಿ ಇಡುತ್ತಿದ್ದ. ಅನಂತರ ಸೀಮೆಸುಣ್ಣ, ಸುಣ್ಣಗಳನ್ನು ಹಾಕಿ ಆಮ್ಲದ ಹುಳಿಯನ್ನು ಮುರಿಯುತ್ತಿದ್ದ. ತಿಳಿಯಾದ ರಸವನ್ನು ಕಾಯಿಸಿ ಪಾಕ ಮಾಡಿ, ಹರಳುಗಟ್ಟಲು ಬಿಡುವುದು. ಆತುರಪಟ್ಟರೆ ಹರಳಿಲ್ಲ, ಬರೀ ಅಂಟು. ಹರಳಿನಿಂದ ಇಳಿದ ಕಾಕಂಬಿಯಿಂದ ಮದ್ಯ, ಹಿಂಡಿದ ಹಿಪ್ಪೆಯೂ ಸೊಪ್ಪೂ ದನಗಳಿಗೆ. ಯಾವುದನ್ನೂ ಎಸೆಯಬಾರದೆಂಬುದು ಆತನ ಲೆಕ್ಕಾಚಾರ.

ಈ ಯತ್ನ ಸೋತಿತೆಂದು ಸಾರಿಬಿಟ್ಟರೆ 50,000 ಥಾಲರ್, ಒಪ್ಪದಿದ್ದಾಗ 2,00,000 ಥಾಲರ್ ಕೊಡುವುದಾಗಿ ಕಬ್ಬಿನ ಸಕ್ಕರೆಯ ಇಂಗ್ಲಿಷ್ ವರ್ತಕರು ಆಶಾರನಿಗೆ ಆಸೆ ತೋರಿಸಿದರೆಂದೂ ಆತ ತಿರಸ್ಕರಿಸಿದನೆಂದೂ ಒಂದು ಕಥೆ ಪ್ರಚಾರದಲ್ಲಿದೆ. ಅದು ಕಥೆಯೇ ಇರಲಿ. ಸಾಲದಲ್ಲಿ ಮುಳುಗಿದ್ದರೂ ಆತ ತನ್ನ ವಿದ್ಯೆಯನ್ನು ಬಚ್ಚಿಡಲಿಲ್ಲವೆಂಬುದು ಮಾತ್ರ ನಿಜ. 1807ರಲ್ಲಿ, ಯುದ್ಧದ ದಿನಗಳಲ್ಲಿ, ಕುನರ್ನಿನ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ಎರಡೇ ವರ್ಷಗಳಲ್ಲಿ, 1809ರಲ್ಲಿ, ಬೀಟ್ ಸಕ್ಕರೆಯ ಕುರಿತು ಮೂರು ಸಂಪುಟಗಳ ಗ್ರಂಥವನ್ನೇ ಹೊರತಂದ. ಮತ್ತೆ ಕಟ್ಟಿದ ಕಾರ್ಖಾನೆ 1812ರಲ್ಲಿ ಶಾಲೆಯಾಯಿತು.

ಕೀರ್ತಿ ಬೇರೆ ಕಡೆ ಹೋಯಿತು. 1806ರಲ್ಲಿ ನೆಪೋಲಿಯನ್ ಇಂಗ್ಲಿಷರ ವ್ಯಾಪಾರಕ್ಕೆ ಯುರೋಪಿನ ಬಾಗಿಲು ಮುಚ್ಚಿದ್ದ. ಹಡಗಿನಲ್ಲಿ ಬರುತ್ತಿದ್ದ ಸಕ್ಕರೆ ನಿಂತು ಬೆಲೆ ಮುಗಿಲಿಗೇರಿತು. 1812ರ ಜನವರಿಯಲ್ಲಿ ಪ್ಯಾರಿಸ್ ಬಳಿಯ ಪಾಸಿಯಲ್ಲಿ ಡೆಲೆಸರ್ ಎಂಬಾತ ತಯಾರಿಸಿದ ಬೀಟ್ ಸಕ್ಕರೆ ಕಂಡು, ಚಕ್ರವರ್ತಿ ತನ್ನ ಎದೆಯ ಪದಕವನ್ನೇ ಬಿಚ್ಚಿ ಅವನಿಗೆ ತೊಡಿಸಿದನಂತೆ. ನೆಪೋಲಿಯನ್ ಸೋತೊಡನೆ ಅಗ್ಗದ ಕಬ್ಬಿನ ಸಕ್ಕರೆ ಮರಳಿ ನುಗ್ಗಿತು. ಫ್ರಾನ್ಸಿನ ಕೆಲವು ಕಾರ್ಖಾನೆಗಳು ಹೇಗೋ ತಾಳಿಕೊಂಡವು, ಪ್ರಷ್ಯದವು ಮುಚ್ಚಿದವು.

1821ರ ಎಪ್ರಿಲ್ 20ರಂದು, 68 ತುಂಬಲು ಎಂಟು ದಿನಗಳಿರುವಾಗ, ಆಶಾರ್ ಬಡತನದಲ್ಲಿ ಕುನರ್ನಿನಲ್ಲೇ ತೀರಿಕೊಂಡ. ಆ ಹಳ್ಳಿ ಈಗ ಪೋಲೆಂಡಿನಲ್ಲಿದೆ, ಹೆಸರು ಕೊನಾರಿ. ಆತ ಆರಿಸಿದ ಬಿಳಿ ಗೆಡ್ಡೆಯನ್ನು ನೆರೆಯ ಜಮೀನುದಾರ ಕೊಪ್ಪಿ ಬೆಳೆಸಿ ಮುಂದುವರಿಸಿದ್ದ. ಇಂದು ಹೊಲಗಳಲ್ಲಿರುವ ಸಕ್ಕರೆ ಬೀಟ್‌ಗಳೆಲ್ಲ ಆ ಸೈಲೀಷಿಯಾದ ಬಿಳಿಯ ಬೀಟಿನ ಸಂತಾನ.