ಪರಸ್ಪರ ಸಹಾಯದ ಕ್ರೊಪಾಟ್ಕಿನ್

ಗೋಡೆಯ ಮೇಲೆ ಎದುರುಬದುರಾದ ಎರಡು ಇರುವೆಗಳು ಕ್ಷಣಕಾಲ ನಿಂತು, ಮೀಸೆಗೆ ಮೀಸೆ ತಾಗಿಸಿ ಮುಂದೆ ಹೋಗುವುದನ್ನು ನೋಡದವರಿಲ್ಲ. ಒಂದು ಹಸಿದಿದ್ದರೆ, ಹೊಟ್ಟೆ ತುಂಬಿದ ಇನ್ನೊಂದು ತಾನು ನುಂಗಿದ್ದ ರಸದ ಹನಿಯೊಂದನ್ನು ಹೊರತಂದು ಅದರ ಬಾಯಿಗೆ ಕೊಡುತ್ತದೆ. ಕೊಡಲೊಲ್ಲದ ಇರುವೆಯನ್ನು ಸಂಗಾತಿಗಳೇ ಶತ್ರುವಿನಂತೆ ಕಾಣುತ್ತವೆ ಎಂದು ಸ್ವಿಟ್ಜರ್ಲೆಂಡಿನ ವಿಜ್ಞಾನಿ ಫೋರೆಲ್ ಬರೆದಿದ್ದ. ಇಂಥ ಸಣ್ಣ ಸಂಗತಿಗಳಿಂದ ಹೊರಟು ಮನುಷ್ಯ ಸಮಾಜದ ಬೇರನ್ನೇ ಹುಡುಕಿದವನು ರಷ್ಯದ ಪೀಟರ್ ಕ್ರೊಪಾಟ್ಕಿನ್.

ಆತ ಹುಟ್ಟಿದ್ದು 1842ರಲ್ಲಿ, ಮಾಸ್ಕೋದ ರಾಜಮನೆತನವೊಂದರಲ್ಲಿ. ತಂದೆಯ ಕೈಕೆಳಗೆ ಸಾವಿರಕ್ಕೂ ಮಿಕ್ಕಿ ಜೀತದಾಳುಗಳು. ನಾಲ್ಕು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡಳು. ತಬ್ಬಲಿ ಮಕ್ಕಳಿಗೆ ಅಕ್ಕರೆ ತೋರಿದವರು ಮನೆಯ ಆ ಆಳುಗಳೇ. ಮುಂದೆ ಆತ ಅರಮನೆಯ ಸೈನಿಕ ಶಾಲೆಯಲ್ಲಿ ಓದಿ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಪರಿಚಾರಕನಾದ. ದೊಡ್ಡ ಹುದ್ದೆ ಕೈಗೆಟಕುವಂತಿದ್ದಾಗ, 1862ರಲ್ಲಿ, ದೂರದ ಸೈಬೀರಿಯದ ಕೊಸಾಕ್ ಪಡೆಯನ್ನು ಆರಿಸಿಕೊಂಡು ಎಲ್ಲರನ್ನೂ ಬೆರಗುಗೊಳಿಸಿದ.

ಡಾರ್ವಿನನ ಮಹಾಗ್ರಂಥ 1859ರಲ್ಲಿ ಬಂದಿತ್ತು. ಒಂದೇ ಜಾತಿಯ ಪ್ರಾಣಿಗಳು ಅನ್ನಕ್ಕಾಗಿ ತಮ್ಮತಮ್ಮಲ್ಲೇ ಹೊಡೆದಾಡುವುದನ್ನು ಸೈಬೀರಿಯದಲ್ಲಿ ಕಣ್ಣಾರೆ ನೋಡಬೇಕೆಂದು ಕ್ರೊಪಾಟ್ಕಿನ್ ಆಸೆಪಟ್ಟ. ಆದರೆ ಕಂಡದ್ದೇ ಬೇರೆ. ಅಲ್ಲಿ ಜೀವಿಗಳಿಗೆ ವೈರಿ ಎಂದರೆ ಹಿಮ ಮತ್ತು ಬಿರುಗಾಳಿ. ಹಿಮ ಬೀಳುವ ಮುನ್ನ ಎಲ್ಲೆಲ್ಲಿಂದಲೋ ಸಾವಿರಾರು ಜಿಂಕೆಗಳು ಒಟ್ಟುಗೂಡಿ, ಆಮೂರ್ ನದಿ ಕಿರಿದಾಗಿದ್ದಲ್ಲಿ ದಾಟಿ ಹೋಗುತ್ತಿದ್ದವು. ಗುಂಪಾಗಿ ಬಾಳಿದವೇ ಬದುಕಿದವು ಎಂಬುದು ಅವನ ಮನಸ್ಸಿನಲ್ಲಿ ನಾಟಿತು.

ರಷ್ಯಕ್ಕೆ ಮರಳಿ ಭೂಗೋಳಶಾಸ್ತ್ರದಲ್ಲಿ ಹೆಸರು ಮಾಡಿದ. ಜೊತೆಗೆ ವೇಷ ಮರೆಸಿಕೊಂಡು ಕೂಲಿಗಾರರಿಗೆ ಪಾಠ ಹೇಳುತ್ತಿದ್ದ. ಫಲವಾಗಿ 1874ರಲ್ಲಿ ಸೆರೆ! ಎರಡು ವರ್ಷಗಳ ಮೇಲೆ ಸೈನಿಕ ಆಸ್ಪತ್ರೆಯ ಅಂಗಳದಿಂದ ತಪ್ಪಿಸಿಕೊಂಡದ್ದು ಪತ್ತೇದಾರಿ ಕಾದಂಬರಿಯಂತಿದೆ. ಎದುರುಮನೆಯಲ್ಲಿ ಗೆಳೆಯರು ಪಿಟೀಲು ಬಾರಿಸಿ ದಾರಿ ನಿರಾತಂಕವೆಂದು ಸೂಚಿಸಿದರು. ಕೈದಿ ನಿಲುವಂಗಿ ಕಿತ್ತೆಸೆದು ಓಡಿ ಗಾಡಿಯೇರಿದ. ಪೊಲೀಸರು ಊರೆಲ್ಲ ಜಾಲಾಡುತ್ತಿದ್ದಾಗ ಆತ ದೊಡ್ಡ ಹೋಟೆಲೊಂದರಲ್ಲಿ ಊಟ ಮಾಡುತ್ತಿದ್ದ.

ಫ್ರಾನ್ಸಿನಲ್ಲಿ ಮತ್ತೆ ಜೈಲು. ಅಲ್ಲಿದ್ದಾಗಲೇ ರಷ್ಯದ ಪ್ರಾಣಿಶಾಸ್ತ್ರಜ್ಞ ಕೆಸ್ಲರ್ 1880ರಲ್ಲಿ ಮಾಡಿದ ಭಾಷಣವನ್ನು ಓದಿದ. ಪರಸ್ಪರ ಸಹಾಯವೂ ಪ್ರಕೃತಿಯ ನಿಯಮವೆಂಬ ಮಾತು ಅದರಲ್ಲಿತ್ತು. 1886ರಲ್ಲಿ ಬಿಡುಗಡೆಯಾಗಿ ಇಂಗ್ಲೆಂಡಿನಲ್ಲಿ ನೆಲೆಸಿದ. 1888ರಲ್ಲಿ ಡಾರ್ವಿನನ ಪಟ್ಟಶಿಷ್ಯನಂತಿದ್ದ ಹಕ್ಸ್‌ಲಿ, ಜೀವಲೋಕವನ್ನು ರೋಮಿನ ಮಲ್ಲರು ಹೊಡೆದಾಡುತ್ತಿದ್ದ ಕಣಕ್ಕೆ ಹೋಲಿಸಿದ. ಆದಿಮಾನವರ ಬದುಕೂ ಹಾಗೆಯೇ ಎಂದ. ಇದು ಬರೇ ಪಂಡಿತರ ಜಗಳವಾಗಿರಲಿಲ್ಲ. ಬಡವ ಬಿದ್ದರೆ ಅದು ಪ್ರಕೃತಿಯ ತೀರ್ಪು ಎನ್ನುವವರಿಗೆ ಅಂಥ ಮಾತಿನಿಂದ ಬಲ ಬರುತ್ತಿತ್ತು. ಕ್ರೊಪಾಟ್ಕಿನ್ ಅದೇ ಪತ್ರಿಕೆಯಲ್ಲಿ 1890ರಿಂದ ಉತ್ತರ ಬರೆದ. ಇರುವೆ, ಗೆದ್ದಲು, ಜೇನಿನಿಂದ ಆರಂಭಿಸಿ ಹಳ್ಳಿಯ ಸಮುದಾಯ, ಕಸುಬುದಾರರ ಸಂಘಗಳವರೆಗೆ ಬಂದ. ಬ್ರೈಟನ್ನಿನ ಮತ್ಸ್ಯಾಲಯದಲ್ಲಿ ಅಂಗಾತ ಬಿದ್ದ ದೊಡ್ಡ ಏಡಿಯೊಂದನ್ನು ಮೇಲೆತ್ತಲು ಅದರ ಸಂಗಾತಿಗಳು ಗಂಟೆಗಟ್ಟಲೆ ಹೆಣಗಿದ್ದನ್ನೂ ಬಿಡಲಿಲ್ಲ! 1902ರಲ್ಲಿ ಇವೆಲ್ಲ ಪುಸ್ತಕವಾದವು.

ಸ್ಪರ್ಧೆ ಇಲ್ಲವೆಂದು ಆತ ಹೇಳಲಿಲ್ಲ. ಆದರೆ ಗೂಡುಗೂಡುಗಳ ನಡುವಿನ ಇರುವೆಗಳ ಯುದ್ಧವನ್ನು ತುಸು ಹಗುರವಾಗಿ ದಾಟಿಬಿಟ್ಟ. ತಾನು ಮೊಟ್ಟೆಯಿಡದ ದುಡಿಮೆಗಾರ ಇರುವೆ ಪರರಿಗಾಗಿ ಸಾಯುವುದೇಕೆ ಎಂಬುದಕ್ಕೆ ಲೆಕ್ಕ ಸಹಿತ ವಿವರಣೆ ಕೊಟ್ಟವನು ಇಂಗ್ಲೆಂಡಿನ ಹ್ಯಾಮಿಲ್ಟನ್, ಅದೂ 1964ರಲ್ಲಿ: ಒಡಹುಟ್ಟಿದವರು ಉಳಿದರೆ ತನ್ನ ವಂಶವಾಹಿಗಳೂ ಉಳಿದಂತೆ. ರಕ್ತಸಂಬಂಧವಿಲ್ಲದ ಮನುಷ್ಯರು ಕೂಡಿ ಬಾಳುವುದಕ್ಕೆ ಈ ಲೆಕ್ಕವೊಂದೇ ಸಾಲದು.

1914ರ ಯುದ್ಧದಲ್ಲಿ ಕ್ರೊಪಾಟ್ಕಿನ್ ಜರ್ಮನಿಯ ವಿರುದ್ಧ ಪಕ್ಷ ವಹಿಸಿದಾಗ ಹಳೆಯ ಗೆಳೆಯರು ದೂರವಾದರು. ಸಹಾಯದ ತತ್ತ್ವ ಸಾರಿದವನಿಗೆ ಇದು ಒಪ್ಪುವಂಥದ್ದಲ್ಲ. ಕ್ರಾಂತಿಯ ವರ್ಷ 1917ರಲ್ಲಿ ತಾಯ್ನಾಡಿಗೆ ಮರಳಿದ. ಮಂತ್ರಿಪದವಿ ಬಂದರೂ ಒಲ್ಲೆನೆಂದ. ಸರಕಾರ ಒತ್ತೆಯಾಳುಗಳನ್ನು ಹಿಡಿದಿಡುವುದನ್ನು ಖಂಡಿಸಿ ಲೆನಿನ್ನನಿಗೇ ಪತ್ರ ಬರೆದ.

1921ರ ಫೆಬ್ರವರಿ 8ರಂದು ದ್ಮಿತ್ರೋವ್ ಎಂಬ ಸಣ್ಣ ಊರಿನಲ್ಲಿ ತೀರಿಕೊಂಡ. ಮಾಸ್ಕೋದಲ್ಲಿ ನಡೆದ ಅಂತ್ಯಯಾತ್ರೆಗೆ ಸಾವಿರಾರು ಜನ ಕೂಡಿದರು. ಅವನ ಮತದ ಕೆಲವು ಕೈದಿಗಳನ್ನು ಅಂದಿನ ಮಟ್ಟಿಗೆ ಜೈಲಿನಿಂದ ಬಿಟ್ಟಿದ್ದರು. ಮಣ್ಣು ಹಾಕಿ ಅವರು ಜೈಲಿಗೆ ಹಿಂದಿರುಗಿದರು.